ತಪ್ಪು ಉತ್ತರಕ್ಕೆ ಅದು ಏನು ಹೇಳುತ್ತದೆ? ಕಾಲೇಜು ಗಣಿತದ ತಂತ್ರಾಂಶ ಆರಿಸುವವರಿಗೆ

ಜೂನ್ ಬಂತೆಂದರೆ ಮುಂಬಯಿಯ ಕಾಲೇಜುಗಳ ಗಣಿತ ವಿಭಾಗಗಳಲ್ಲಿ ಈ ವರ್ಷದ ಅಭ್ಯಾಸದ ಲೆಕ್ಕಗಳನ್ನು ಯಾವ ತಂತ್ರಾಂಶದಲ್ಲಿ ಕೊಡುವುದು ಎಂಬ ಮಾತು ಏಳುತ್ತದೆ. ಅದೇ ಹೊತ್ತಿಗೆ ಮಾಟುಂಗಾ, ವಡಾಲಾ, ಡೊಂಬಿವಲಿಯ ಕನ್ನಡ ಮನೆಗಳಲ್ಲಿ ಬೇರೊಂದು ತಲೆನೋವು: ಅಮೆರಿಕಕ್ಕೆ ಹೊರಟ ಮಗಳು ಕ್ಯಾಲ್ಕುಲಸ್ ಕೋರ್ಸಿಗೆ ಒಂದು ‘ಆಕ್ಸೆಸ್ ಕೋಡ್’ ಕೊಳ್ಳಬೇಕಂತೆ, ಪುಸ್ತಕವೂ ಅಲ್ಲದ ಈ ಕೋಡಿಗೆ ಇಷ್ಟು ಹಣವೇಕೆ? ಇನ್ನು ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಕಾಲೇಜಿನಲ್ಲಿ ಬಿ.ಕಾಂ. ಓದುವ ಹುಡುಗನಿಗೆ ಆಯ್ಕೆ ಎಂಬುದೇ ಇಲ್ಲ. ಕಾಲೇಜು ಕಳಿಸಿದ ಲಿಂಕ್ ತೆರೆಯುತ್ತಾನೆ, ಮೊಬೈಲಿನಲ್ಲಿ ಉತ್ತರ ತುಂಬುತ್ತಾನೆ, ಕೆಂಪು ಗುರುತು ಕಾಣುತ್ತದೆ. ಏಕೆ ತಪ್ಪಾಯಿತೆಂದು ತಿಳಿಯದೆಯೇ ಮಲಗುತ್ತಾನೆ.

ಪದವಿ ತರಗತಿಗಳಿಗೆ ಗಣಿತ ಕಲಿಸುವ ನಾನು ಈ ಮೂವರನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ನನ್ನ ಅಳತೆಗೋಲು ಒಂದೇ. ವಿದ್ಯಾರ್ಥಿ ತಪ್ಪು ಉತ್ತರ ಕೊಟ್ಟಾಗ ತಂತ್ರಾಂಶ ಏನು ಹೇಳುತ್ತದೆ? ಸರಿ ಉತ್ತರಕ್ಕೆ ಹಸಿರು ಗುರುತು ಹಾಕುವುದು ಎಲ್ಲಕ್ಕೂ ಬರುತ್ತದೆ. ನಮ್ಮ ವಿಶ್ವವಿದ್ಯಾಲಯದ ಉತ್ತರ ಪತ್ರಿಕೆ ತಿದ್ದುವವರು ಕೊನೆಯ ಸಾಲು ತಪ್ಪಿದ್ದರೂ ಮೇಲಿನ ಸಾಲುಗಳನ್ನು ಓದುತ್ತಾರೆ, ವಿಧಾನ ಸರಿಯಿದ್ದರೆ ‘ಸ್ಟೆಪ್ ಮಾರ್ಕ್ಸ್’ ಕೊಡುತ್ತಾರೆ. ಎಂ-1, ಎಂ-2 ಎಂದು ಕರೆಯುವ ಗಣಿತ ಪತ್ರಿಕೆಗಳಲ್ಲಿ ಕೆಟಿ (ನಪಾಸಾದ ವಿಷಯವನ್ನು ಮತ್ತೆ ಬರೆಯುವ ಪಾಡು) ತಪ್ಪಿಸಿಕೊಂಡ ಎಷ್ಟೋ ಎಂಜಿನಿಯರಿಂಗ್ ವಿದ್ಯಾರ್ಥಿಗಳನ್ನು ಕಾಪಾಡಿದ್ದು ಆ ಅಂಕಗಳೇ. ತಂತ್ರಾಂಶದ ಎದುರು ಕೂತ ವಿದ್ಯಾರ್ಥಿ ಮೊದಲು ಕಳೆದುಕೊಳ್ಳುವುದೂ ಅದನ್ನೇ. ಅರ್ಧ ಪುಟದ ಕೆಲಸವೆಲ್ಲ ಒಂದು ಚಿಕ್ಕ ಚೌಕಕ್ಕೆ ಇಳಿಯುತ್ತದೆ.

ಲೆಕ್ಕ ಸರಿ, ಬೆರಳಚ್ಚು ತಪ್ಪು

ಹೋಲಿಕೆಗೆ ಇಳಿಯುವ ಮೊದಲು ಸಿಟ್ಟಿನ ದೊಡ್ಡ ಮೂಲವೊಂದನ್ನು ಬಿಡಿಸಿ ನೋಡಬೇಕು. ಅದು ಉತ್ತರವನ್ನು ಒಳಗೆ ತುಂಬುವ ಬಗೆ. ಕಾಗದದ ಮೇಲೆ ಗಣಿತಕ್ಕೆ ಮೇಲೆ, ಕೆಳಗೆ, ಪಕ್ಕದಲ್ಲಿ ಎಂಬ ಜಾಗಗಳಿವೆ. ಕೀಲಿಮಣೆಯಲ್ಲಿ ಎಲ್ಲವೂ ಒಂದೇ ಸಾಲು. ‘ಒಂದು ಭಾಗಿಸು ಎರಡು ಎಕ್ಸ್’ ಎಂದು ಆವರಣವಿಲ್ಲದೆ ಬರೆದರೆ ಅದು ಎಕ್ಸ್‌ನ ಅರ್ಧವೋ, ಎರಡು ಎಕ್ಸ್‌ನ ವಿಲೋಮವೋ? ವಿದ್ಯಾರ್ಥಿಯ ಮನಸ್ಸಿನಲ್ಲಿ ಎರಡನೆಯದು, ಹಲವು ತಂತ್ರಾಂಶಗಳ ಓದಿನಲ್ಲಿ ಮೊದಲನೆಯದು. ಲೆಕ್ಕ ಪೂರ್ತಿ ಸರಿ ಮಾಡಿದವಳಿಗೆ ಸೊನ್ನೆ.

ಋಣ ಮೂರರ ವರ್ಗವನ್ನೇ ನೋಡಿ. ಋಣ ಚಿಹ್ನೆ, ಮೂರು, ಘಾತ ಎರಡು ಎಂದು ಆವರಣವಿಲ್ಲದೆ ಹೊಡೆದರೆ ಗಣಿತದ ತಂತ್ರಾಂಶಗಳು ಮೊದಲು ವರ್ಗ ಮಾಡಿ ಆಮೇಲೆ ಋಣ ಹಚ್ಚಿ −9 ಎನ್ನುತ್ತವೆ. ಎಕ್ಸೆಲ್‌ನಲ್ಲಿ ಅದನ್ನೇ ಸೂತ್ರವಾಗಿ ಹೊಡೆದರೆ 9 ಬರುತ್ತದೆ. ವಾಣಿಜ್ಯದ ವಿದ್ಯಾರ್ಥಿ ದಿನವಿಡೀ ಎಕ್ಸೆಲ್‌ನಲ್ಲಿ ಕೈ ಆಡಿಸಿ ಬಂದಿರುತ್ತಾನೆ. ಅವನ ಕೈಗೆ ಅಂಟಿದ ಅಭ್ಯಾಸವನ್ನು ಅಜ್ಞಾನ ಎಂದು ಕರೆಯುವುದು ಅನ್ಯಾಯ.

ಲಘುಗಣಕದಲ್ಲಿ ಇನ್ನೊಂದು ಬಲೆ. ನಮ್ಮ ಕ್ಯಾಲ್ಕುಲಸ್ ಪಾಠಗಳಲ್ಲಿ ‘ಲಾಗ್’ ಎಂದು ಬರೆದರೆ ಸಾಮಾನ್ಯವಾಗಿ ಸ್ವಾಭಾವಿಕ ಲಘುಗಣಕ. ಅಮೆರಿಕದ ಪಠ್ಯಕ್ರಮವನ್ನು ಆಧರಿಸಿದ ಹಲವು ತಂತ್ರಾಂಶಗಳಲ್ಲಿ ಅದೇ ಬರಹಕ್ಕೆ ಆಧಾರ ಹತ್ತು ಎಂದು ಅರ್ಥ. ಇನ್ನು ಮೂರನೇ ಒಂದು ಎಂಬ ಉತ್ತರಕ್ಕೆ 0.33 ಎಂದು ತುಂಬಿದರೆ ಎಷ್ಟು ದಶಮಾಂಶದವರೆಗೆ ಒಪ್ಪಬೇಕೆಂದು ಪ್ರಶ್ನೆ ಬರೆದವರು ಹೇಳಿರದಿದ್ದರೆ ಅದೂ ತಪ್ಪು. ಆನ್ಯುಯಿಟಿಯ, ಅಂದರೆ ಕಂತು ಕಂತಾಗಿ ಕಟ್ಟುವ ಇಲ್ಲವೇ ಪಡೆಯುವ ಹಣದ, ಲೆಕ್ಕದ ಉತ್ತರವನ್ನು ನಮ್ಮ ಪದ್ಧತಿಯಂತೆ 1,00,000 ಎಂದು ಬರೆದರೆ, ಅಲ್ಪವಿರಾಮವನ್ನು ಎರಡು ಬೇರೆ ಉತ್ತರಗಳ ನಡುವಿನ ಗಡಿಯೆಂದು ಓದುವ ತಂತ್ರಾಂಶಗಳೂ ಇವೆ.

ಮೊಬೈಲಿನಲ್ಲಿ ಇದೆಲ್ಲ ಇನ್ನೂ ಬಿಗಡಾಯಿಸುತ್ತದೆ. ಆವರಣ, ಘಾತ ಚಿಹ್ನೆಗಳಿಗಾಗಿ ಕೀಲಿಮಣೆಯನ್ನು ಎರಡು ಮೂರು ಬಾರಿ ಬದಲಾಯಿಸಬೇಕು. ಡೊಂಬಿವಲಿಯ ಲೋಕಲ್‌ನಲ್ಲಿ ಒಂದು ಕೈಯಿಂದ ಹಿಡಿ ಹಿಡಿದು ಇನ್ನೊಂದು ಕೈಯಲ್ಲಿ ಮಾತೃಕೆಯ ಒಂಬತ್ತು ಅಂಶಗಳನ್ನು ತುಂಬುವವರನ್ನು ನಾನು ನೋಡಿದ್ದೇನೆ. ಮನೆಯಲ್ಲಿ ಎಲ್ಲರಿಗೂ ಒಂದು ಲ್ಯಾಪ್‌ಟಾಪ್ ಇದೆ ಎಂದು ಊಹಿಸಿಕೊಂಡು ತಂತ್ರಾಂಶ ಆರಿಸುವ ಕಾಲೇಜುಗಳ ಮೇಲೆ ನನಗೆ ಕೋಪವಿದೆ.

ಹಾಗಾಗಿ ಯಾವುದನ್ನೇ ಆರಿಸುವಾಗ ಮೊದಲು ಕೇಳಬೇಕಾದ್ದು: ನಾನು ತುಂಬಿದ್ದನ್ನು ನೀನು ಹೇಗೆ ಓದಿಕೊಂಡೆ ಎಂದು ಅಂಕ ಹಾಕುವ ಮುನ್ನ ತೋರಿಸುತ್ತೀಯಾ? ತೋರಿಸುವುದಾದರೆ ಮೇಲಿನ ತಕರಾರುಗಳಲ್ಲಿ ಅರ್ಧದಷ್ಟು ತೀರುತ್ತವೆ.

ಗೂಗಲ್ ಫಾರ್ಮ್

2020ರ ಲಾಕ್‌ಡೌನ್ ಕಾಲದಲ್ಲಿ ಕೈಗೆ ಸಿಕ್ಕ ಸಾಧನ ಇದು. ಇಂದಿಗೂ ಅನೇಕ ಕಡೆ ಇದೇ ನಡೆಯುತ್ತಿದೆ. ಖರ್ಚಿಲ್ಲ, ಮೊಬೈಲಿನಲ್ಲಿ ಸುಲಭವಾಗಿ ತೆರೆಯುತ್ತದೆ, ಕನ್ನಡ, ಮರಾಠಿಯಲ್ಲೂ ಪ್ರಶ್ನೆ ಬರೆಯಬಹುದು. ಆದರೆ ಅದಕ್ಕೆ ಗಣಿತ ಗೊತ್ತಿಲ್ಲ. ನೀವು ಕೊಟ್ಟ ಅಕ್ಷರಗಳನ್ನು ತನ್ನಲ್ಲಿರುವ ಅಕ್ಷರಗಳ ಜೊತೆ ಹೊಂದಿಸುತ್ತದೆ, ಅಷ್ಟೇ. 1/2 ಎಂದು ಉತ್ತರ ಇಟ್ಟಿದ್ದರೆ 0.5 ತಪ್ಪು. ಹೀಗಾಗಿ ಅಧ್ಯಾಪಕರು ನಾಲ್ಕರಲ್ಲಿ ಒಂದನ್ನು ಆರಿಸುವ ಪ್ರಶ್ನೆಗಳಿಗೆ ಜಾರುತ್ತಾರೆ, ವಿದ್ಯಾರ್ಥಿಗಳು ಲೆಕ್ಕ ಮಾಡುವ ಬದಲು ಆಯ್ಕೆಗಳನ್ನು ಒಂದೊಂದಾಗಿ ಹಾಕಿ ನೋಡುತ್ತಾರೆ. ಹಾಜರಾತಿಗೆ, ಚಿಕ್ಕ ಕ್ವಿಜ್‌ಗೆ ಸಾಕು. ಒಂದು ಸೆಮಿಸ್ಟರಿನ ಅಭ್ಯಾಸವನ್ನು ಇದರ ಮೇಲೆ ಹೊರಿಸಬೇಡಿ.

ಕೋಡ್ ಕೊಂಡು ಬಳಸುವವು

ಅಮೆರಿಕದ ಕಾಲೇಜುಗಳಲ್ಲಿ ಹೆಚ್ಚಾಗಿ ಕಾಣುವ ಹೆಸರುಗಳು ಪಿಯರ್ಸನ್‌ನ ಮೈಲ್ಯಾಬ್ ಮ್ಯಾಥ್ ಮತ್ತು ಸೆಂಗೇಜ್‌ನ ವೆಬ್‌ಅಸೈನ್. ವೆಬ್‌ಅಸೈನ್ ಹುಟ್ಟಿದ್ದು 1997ರಲ್ಲಿ ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ, ಪ್ರಕಾಶಕರ ಕೈ ಸೇರಿದ್ದು ಆಮೇಲೆ. ಇವು ಪಠ್ಯಪುಸ್ತಕದ ಅಧ್ಯಾಯಗಳಿಗೆ ಹೊಂದಿಕೊಂಡೇ ಬರುತ್ತವೆ, ಪ್ರತಿ ವಿದ್ಯಾರ್ಥಿಗೂ ಅದೇ ಲೆಕ್ಕವನ್ನು ಬೇರೆ ಸಂಖ್ಯೆಗಳೊಂದಿಗೆ ಕೊಡುತ್ತವೆ. ಮೈಲ್ಯಾಬ್‌ನಲ್ಲಿ ಹಂತ ಹಂತವಾಗಿ ಬಿಡಿಸಿ ತೋರಿಸುವ ಗುಂಡಿ ಇದೆ, ಮಾದರಿ ಲೆಕ್ಕ ತೋರಿಸುವ ಗುಂಡಿ ಇದೆ. ಉತ್ತರ ತುಂಬಲು ಚಿಹ್ನೆಗಳ ಫಲಕವಿರುವುದರಿಂದ ಭಿನ್ನರಾಶಿಯನ್ನು ಭಿನ್ನರಾಶಿಯಂತೆಯೇ ಬರೆಯಬಹುದು.

ನನ್ನ ತಕರಾರು ಆ ಸಹಾಯದ ಸ್ವರೂಪದ ಮೇಲೆ. ಹಂತಗಳನ್ನು ತೋರಿಸಿದ ಮೇಲೆ ಸಂಖ್ಯೆ ಬದಲಿಸಿದ ಹೊಸ ಲೆಕ್ಕ ಬರುತ್ತದೆ. ವಿದ್ಯಾರ್ಥಿ ಹಳೆಯ ಹಂತಗಳಲ್ಲಿ ಹೊಸ ಸಂಖ್ಯೆ ಕೂರಿಸುತ್ತಾನೆ, ಹಸಿರು ಗುರುತು ಬೀಳುತ್ತದೆ, ಅವನ ಮೂಲ ತಪ್ಪು ಮಾತ್ರ ಅಲ್ಲೇ ಉಳಿಯುತ್ತದೆ. ಆ ಸಹಾಯ ಲೆಕ್ಕವನ್ನು ವಿವರಿಸುತ್ತದೆ, ಅವನು ಎಲ್ಲಿ ಎಡವಿದ ಎಂಬುದನ್ನು ಹೆಚ್ಚಾಗಿ ಮುಟ್ಟುವುದಿಲ್ಲ. ಹೋಂವರ್ಕಿನಲ್ಲಿ ತೊಂಬತ್ತೈದು ಅಂಕ, ಲಿಖಿತ ಪರೀಕ್ಷೆಯಲ್ಲಿ ನಲವತ್ತು ಎಂಬ ನೋವು ಹುಟ್ಟುವುದು ಹೀಗೆಯೇ. ಮಗಳು ಸೋಮಾರಿಯಾದಳೆಂದು ತಂದೆತಾಯಿ ತಿಳಿಯಬಾರದು.

ಹಣದ ಮಾತು. ಅಮೆರಿಕದಲ್ಲಿ ಒಂದು ಕೋರ್ಸಿನ ಕೋಡಿಗೆ ನೂರು ಡಾಲರಿನ ಆಸುಪಾಸು ಬೀಳುವುದು ಸಾಮಾನ್ಯ. ಲೋಕಲ್ ರೈಲಿನ ಪಾಸಿನಂತೆ ಅದಕ್ಕೆ ಅವಧಿ ಇದೆ, ಇನ್ನೊಬ್ಬರಿಗೆ ಕೊಡುವಂತಿಲ್ಲ. ಹಳೆಯ ಪುಸ್ತಕವನ್ನು ಫೋರ್ಟ್‌ನ ಫುಟ್‌ಪಾತಿನಲ್ಲಿ ಅರ್ಧ ಬೆಲೆಗೆ ಕೊಂಡು ಬೆಳೆದ ನಮಗೆ ಇದು ಹೊಸ ಬಗೆಯ ಖರ್ಚು. ಮೂರು ಎಚ್ಚರಿಕೆಗಳು: ಅಧ್ಯಾಪಕರು ಕೊಡುವ ಕೋರ್ಸ್ ಲಿಂಕ್ ಕೈಗೆ ಬರುವ ಮುನ್ನ ಕೋಡ್ ಕೊಳ್ಳಬೇಡಿ, ಬೇರೆ ಆವೃತ್ತಿಯದಾದರೆ ಹಣ ಹೋದಂತೆ. ತಾತ್ಕಾಲಿಕ ಪ್ರವೇಶ ಕೊಡುವ ಕೋರ್ಸುಗಳಲ್ಲಿ ಮೊದಲ ವಾರಗಳನ್ನು ಹಣ ಕಟ್ಟದೆ ಕಳೆಯಬಹುದು, ಕೋರ್ಸ್ ಬಿಡುವ ಯೋಚನೆ ಇದ್ದರೆ ಆಗಲೇ ನಿರ್ಧರಿಸಿ. ಬಳಸಿದ ಪುಸ್ತಕದ ಜೊತೆ ಬಂದ ಕೋಡನ್ನು ನಂಬಬೇಡಿ, ಅದನ್ನು ಮೊದಲ ಮಾಲೀಕರೇ ಬಳಸಿ ಮುಗಿಸಿರುವ ಸಂಭವ ಹೆಚ್ಚು.

ಅಲೆಕ್ಸ್

ಇದನ್ನು ಬೇರೆಯಾಗಿ ಹೇಳಬೇಕು, ಏಕೆಂದರೆ ಇದರ ತರ್ಕವೇ ಬೇರೆ. 1985ರಲ್ಲಿ ಡ್ವಾನ್ಯೋ ಮತ್ತು ಫಾಲ್ಮಾನ್ಯ್ ಎಂಬ ಇಬ್ಬರು ವಿದ್ವಾಂಸರು ಮಂಡಿಸಿದ ‘ಜ್ಞಾನದ ಅವಕಾಶ’ಗಳ (ನಾಲೆಜ್ ಸ್ಪೇಸ್) ಸಿದ್ಧಾಂತ ಇದರ ಬುನಾದಿ. ಕ್ಯಾಲಿಫೋರ್ನಿಯಾದ ಅರ್ವೈನ್ ವಿಶ್ವವಿದ್ಯಾಲಯದಲ್ಲಿ ಬೆಳೆದು, 2013ರಲ್ಲಿ ಮೆಕ್‌ಗ್ರಾ ಹಿಲ್ ಪಾಲಾಯಿತು. ಯಾವ ವಿಷಯ ತಿಳಿದಿದ್ದರೆ ಯಾವುದನ್ನು ಕಲಿಯಲು ಸಿದ್ಧ ಎಂಬ ನಕ್ಷೆ ಅದರ ಬಳಿ ಇರುತ್ತದೆ. ಮೊದಲು ಒಂದು ತಪಾಸಣೆ ಪರೀಕ್ಷೆ, ಆಮೇಲೆ ನಿಮಗೆ ಸಿದ್ಧವಿರುವ ವಿಷಯಗಳನ್ನಷ್ಟೇ ತೆರೆಯುತ್ತದೆ.

ಶಾಲೆಯ ಬೀಜಗಣಿತ ಮರೆತು ಎಷ್ಟೋ ವರ್ಷಗಳ ಮೇಲೆ ಓದಿಗೆ ಮರಳಿದವರಿಗೆ ಇದು ಉಪಕಾರಿ. ಭಿನ್ನರಾಶಿಯಲ್ಲೇ ತೊಡಕಿರುವವರನ್ನು ನೇರವಾಗಿ ಲಿಮಿಟ್‌ಗೆ ತಳ್ಳುವುದಿಲ್ಲ. ಆದರೆ ನಡುನಡುವೆ ಮತ್ತೆ ತಪಾಸಣೆ ಬರುತ್ತದೆ, ಅಲ್ಲಿ ತಪ್ಪಿದರೆ ಗಳಿಸಿದ ವಿಷಯಗಳು ವಾಪಸು ಹೋಗುತ್ತವೆ. ರಾತ್ರಿ ಹನ್ನೊಂದಕ್ಕೆ ದಣಿದು ಕೂತವರ ವೃತ್ತಪಟ, ಅಂದರೆ ಕಲಿತಷ್ಟೂ ತುಂಬುತ್ತಾ ಹೋಗುವ ದುಂಡು ಚಿತ್ರ, ಒಂದು ಕೈತಪ್ಪಿನಿಂದ ಕುಗ್ಗುವುದನ್ನು ಕಂಡರೆ ಹೊಟ್ಟೆ ಕಿವುಚಿದಂತಾಗುತ್ತದೆ. ಮರೆತದ್ದನ್ನು ಮತ್ತೆ ಕಲಿಸುವುದು ಸಿದ್ಧಾಂತದ ದೃಷ್ಟಿಯಿಂದ ಸರಿ. ಅದನ್ನು ಅಂಕಕ್ಕೆ ಕಟ್ಟುವ ಕಾಲೇಜುಗಳು ಮಾತ್ರ ಕಲಿಕೆಯ ಉಪಕರಣವನ್ನು ಶಿಕ್ಷೆಯ ಉಪಕರಣವಾಗಿಸುತ್ತವೆ. ಅಲೆಕ್ಸ್ ಬಳಸುವುದಾದರೆ ವಾರಕ್ಕೆ ಇಷ್ಟು ಹೊತ್ತು ಕೂತದ್ದಕ್ಕೆ ಅಂಕ ಕೊಡಿ, ವೃತ್ತಪಟ ಎಷ್ಟು ತುಂಬಿತು ಎಂಬುದಕ್ಕೆ ಬೇಡ.

ಹಣವಿಲ್ಲದೆ ಸಿಗುವವು

ರೋಚೆಸ್ಟರ್ ವಿಶ್ವವಿದ್ಯಾಲಯದ ಇಬ್ಬರು ಗಣಿತ ಪ್ರಾಧ್ಯಾಪಕರು, ಮೈಕಲ್ ಗೇಜ್ ಮತ್ತು ಆರ್ನಲ್ಡ್ ಪೈಜರ್, 1990ರ ದಶಕದಲ್ಲಿ ವೆಬ್‌ವರ್ಕ್ ಕಟ್ಟಿದರು. ಅದರ ಮುಕ್ತ ಭಂಡಾರದಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಲೆಕ್ಕಗಳಿವೆ. ಉತ್ತರವನ್ನು ಗಣಿತವಾಗಿಯೇ ಪರಿಶೀಲಿಸುತ್ತದೆ, ಅಪವರ್ತಿಸಿ ಬರೆದರೂ ಬಿಡಿಸಿ ಬರೆದರೂ ಸಮವಾಗಿದ್ದರೆ ಒಪ್ಪುತ್ತದೆ. ಸಲ್ಲಿಸುವ ಮುನ್ನ ನೋಡಿಕೊಳ್ಳುವ ಗುಂಡಿಯೂ ಇದೆ. ಕೊರತೆ ಎಂದರೆ ಬಹುಪಾಲು ಲೆಕ್ಕಗಳು ತಪ್ಪು ಉತ್ತರಕ್ಕೆ ‘ತಪ್ಪು’ ಎಂದು ಹೇಳಿ ಸುಮ್ಮನಾಗುತ್ತವೆ. ಲಿನಕ್ಸ್ ಸರ್ವರ್ ನಡೆಸಬಲ್ಲ ಒಬ್ಬರು ಕಾಲೇಜಿನಲ್ಲಿ ಬೇಕು.

ಸರ್ವರ್ ಇಲ್ಲದ ಚಿಕ್ಕ ಕಾಲೇಜಿಗೆ ಮೈಓಪನ್‌ಮ್ಯಾಥ್ ಒಳ್ಳೆಯದು. ವಾಷಿಂಗ್ಟನ್ ರಾಜ್ಯದ ಅಧ್ಯಾಪಕ ಡೇವಿಡ್ ಲಿಪ್‌ಮನ್ ಕಟ್ಟಿದ್ದು. ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಉಚಿತ. ಬೀಜಗಣಿತ, ಸಂಖ್ಯಾಶಾಸ್ತ್ರ, ಕ್ಯಾಲ್ಕುಲಸ್‌ಗಳ ಸಿದ್ಧ ಕೋರ್ಸುಗಳಿವೆ, ಹಲವು ಲೆಕ್ಕಗಳಿಗೆ ವೀಡಿಯೊ ಪಾಠ ಜೋಡಿಸಿದ್ದಾರೆ. ಉದಾಹರಣೆಗಳು ಮೈಲಿ, ಗ್ಯಾಲನ್, ಡಾಲರ್‌ಗಳಲ್ಲಿರುವುದರಿಂದ ನಮ್ಮ ಬಿ.ಕಾಂ. ತರಗತಿಗೆ ಕೊಡುವ ಮೊದಲು ರೂಪಾಯಿ, ಕಿಲೋಮೀಟರಿಗೆ ತಿದ್ದಿಕೊಳ್ಳಬೇಕು. ಆ ಕೆಲಸ ಒಬ್ಬ ಅಧ್ಯಾಪಕರು ಒಂದು ರಜೆಯಲ್ಲಿ ಮುಗಿಸಬಹುದಾದಷ್ಟೇ.

ಸ್ಟ್ಯಾಕ್

ನನ್ನ ಮನಸ್ಸು ನಿಂತಿರುವುದು ಇಲ್ಲಿ. ಬರ್ಮಿಂಗ್‌ಹ್ಯಾಮಿನಲ್ಲಿದ್ದಾಗ ಕ್ರಿಸ್ ಸ್ಯಾಂಗ್ವಿನ್ 2004ರಲ್ಲಿ ಆರಂಭಿಸಿದ ಸ್ಟ್ಯಾಕ್ ಸ್ವತಂತ್ರ ತಾಣವಲ್ಲ, ಕಾಲೇಜುಗಳು ಆನ್‌ಲೈನ್ ಪಾಠ, ಪರೀಕ್ಷೆ ನಡೆಸಲು ಬಳಸುವ ತಂತ್ರಾಂಶವಾದ ಮೂಡಲ್‌ನ ಒಳಗೆ ಕೂರುವ ಪ್ರಶ್ನೆಗಳ ಬಗೆ. ಅದರ ಹಿಂದೆ ಮ್ಯಾಕ್ಸಿಮಾ ಎಂಬ ಬೀಜಗಣಿತ ಯಂತ್ರ ಕೆಲಸ ಮಾಡುತ್ತದೆ. ಮ್ಯಾಕ್ಸಿಮಾದ ಬೇರು 1960ರ ದಶಕದ ಎಂಐಟಿಯಲ್ಲಿ ಹುಟ್ಟಿದ, ಮ್ಯಾಕ್ಸಿಮಾ ಎಂಬ ಹೆಸರಿಗೇ ಮೂಲವಾದ ಮ್ಯಾಕ್‌ಸೈಮಾದಲ್ಲಿದೆ.

ವಿದ್ಯಾರ್ಥಿ ಉತ್ತರ ತುಂಬಿದ ಕೂಡಲೇ ‘ನಿಮ್ಮ ಉತ್ತರವನ್ನು ಹೀಗೆ ಓದಿಕೊಂಡಿದ್ದೇನೆ’ ಎಂದು ಅಚ್ಚುಕಟ್ಟಾದ ಗಣಿತದ ರೂಪದಲ್ಲಿ ತೋರಿಸುತ್ತದೆ. ಆವರಣ ಮುಚ್ಚದಿದ್ದರೆ ಅದನ್ನು ತಿಳಿಸುತ್ತದೆ, ಆ ಬೆರಳಚ್ಚಿನ ತಪ್ಪಿಗೆ ಅಂಕ ಕಳೆಯುವುದಿಲ್ಲ. ಆಮೇಲಿನದು ಇನ್ನೂ ಮುಖ್ಯ. ಪ್ರಶ್ನೆ ಬರೆಯುವ ಅಧ್ಯಾಪಕರು ಸಾಮಾನ್ಯ ತಪ್ಪುಗಳನ್ನು ಮೊದಲೇ ಊಹಿಸಿ ಒಂದೊಂದಕ್ಕೂ ಬೇರೆ ಮಾತು, ಬೇರೆ ಅಂಕ ಇಡಬಹುದು. ಅನುಕಲನದಲ್ಲಿ ಸ್ಥಿರಾಂಕ ಬಿಟ್ಟವರಿಗೆ ಅದನ್ನೇ ಹೇಳಿ ಭಾಗಶಃ ಅಂಕ. ಅನುಕಲನದ ಬದಲು ಅವಕಲನ ಮಾಡಿದವರಿಗೆ ‘ನೀವು ಅವಕಲನ ಮಾಡಿದಂತೆ ಕಾಣುತ್ತದೆ’ ಎಂಬ ಸೂಚನೆ. ಮೊದಲ ಭಾಗದಲ್ಲಿ ತಪ್ಪಿ, ಆ ತಪ್ಪು ಸಂಖ್ಯೆಯನ್ನೇ ಹಿಡಿದು ಎರಡನೆಯ ಭಾಗವನ್ನು ಸರಿಯಾದ ವಿಧಾನದಲ್ಲಿ ಬಿಡಿಸಿದವರಿಗೆ ಎರಡನೆಯ ಭಾಗದ ಅಂಕ ಪೂರ್ತಿ ಕೊಡುವಂತೆಯೂ ಬರೆಯಬಹುದು. ನಮ್ಮ ಸ್ಟೆಪ್ ಮಾರ್ಕ್ಸ್‌ನ ನ್ಯಾಯ ಯಂತ್ರಕ್ಕೆ ಬಂದದ್ದನ್ನು ನಾನು ಕಂಡದ್ದು ಇಲ್ಲಿಯೇ.

ಆ ಸೂಚನೆಗಳನ್ನು ಬರೆಯುವವರು ನಾವೇ ಆದ್ದರಿಂದ ಅವು ಕನ್ನಡದಲ್ಲಿರಬಹುದು, ಮರಾಠಿಯಲ್ಲಿರಬಹುದು. ಮಹಾನಗರಪಾಲಿಕೆಯ ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಓದಿ ಬಂದ ಮಕ್ಕಳಿಗೆ ಗಣಿತ ಬರುತ್ತದೆ, ಇಂಗ್ಲಿಷಿನ ಸೂಚನೆಯ ಮುಂದೆ ನಿಂತುಬಿಡುತ್ತಾರೆ. ಅವರಿಗೆ ‘ಇಲ್ಲಿ ಋಣ ಚಿಹ್ನೆ ಮರೆತಿದ್ದೀರಿ’ ಎಂದು ತಮ್ಮ ಭಾಷೆಯಲ್ಲಿ ಓದಲು ಸಿಗುವುದು ಸಣ್ಣ ಅನುಕೂಲವಲ್ಲ.

ಬೆಲೆ ತೆರಬೇಕಾದ್ದು ಶ್ರಮದಲ್ಲಿ. ಒಂದು ಒಳ್ಳೆಯ ಸ್ಟ್ಯಾಕ್ ಪ್ರಶ್ನೆಗೆ ಗಂಟೆಗಟ್ಟಲೆ ಹಿಡಿಯುತ್ತದೆ. ಮ್ಯಾಕ್ಸಿಮಾದ ಬರಹ ಕಲಿಯಬೇಕು, ಸರ್ವರಿನಲ್ಲಿ ಅದನ್ನು ಕೂರಿಸಬೇಕು. ವಾರಕ್ಕೆ ಹದಿನಾರು, ಹದಿನೆಂಟು ಪಾಠ ತೆಗೆದುಕೊಳ್ಳುವ ಅಧ್ಯಾಪಕರ ಮೇಲೆ ಇದನ್ನು ‘ಬಿಡುವಿನಲ್ಲಿ ಮಾಡಿ’ ಎಂದು ಹೊರಿಸಿದರೆ ಕೆಲಸ ಆಗುವುದಿಲ್ಲ. ಮೂರು ನಾಲ್ಕು ಕಾಲೇಜುಗಳು ಸೇರಿ ಪ್ರಶ್ನೆಗಳನ್ನು ಹಂಚಿಕೊಂಡು ಬರೆದರೆ ಆಗುತ್ತದೆ, ಸ್ಟ್ಯಾಕ್ ಪ್ರಶ್ನೆಗಳನ್ನು ಒಂದು ಮೂಡಲ್‌ನಿಂದ ಇನ್ನೊಂದಕ್ಕೆ ಸಾಗಿಸಬಹುದು. ಮೂಡಲ್ ಹೊಸದಾಗಿ ಕಲಿಯುವವರಿಗೆ ಪೊವಾಯಿಯ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯ ಪಾಠಗಳು ಉಚಿತವಾಗಿ ಸಿಗುತ್ತವೆ.

ಸ್ವಯಂ ಮತ್ತು ಎನ್‌ಪಿಟೆಲ್

ಸ್ವಯಂ ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸುಗಳ ತಾಣ, ಎನ್‌ಪಿಟೆಲ್ ಐಐಟಿಗಳ ಆನ್‌ಲೈನ್ ಪಾಠಗಳ ಯೋಜನೆ. ಇವು ಅಭ್ಯಾಸದ ತಂತ್ರಾಂಶಗಳಲ್ಲ, ಪೂರ್ತಿ ಕೋರ್ಸುಗಳು. ಆದರೂ ಹೋಲಿಕೆಯಲ್ಲಿ ಸೇರಿಸಬೇಕು. 2021ರ ಯುಜಿಸಿ ನಿಯಮದಂತೆ ಒಂದು ಸೆಮಿಸ್ಟರಿನ ಕೋರ್ಸುಗಳಲ್ಲಿ ಶೇಕಡಾ 40ರವರೆಗೆ ಸ್ವಯಂ ಮೂಲಕ ಮಾಡಲು ಕಾಲೇಜುಗಳು ಅವಕಾಶ ಕೊಡಬಹುದು. ಎನ್‌ಪಿಟೆಲ್‌ನ ಗಣಿತದ ಉಪನ್ಯಾಸಗಳ ಮಟ್ಟ ಎತ್ತರದ್ದು. ನೋಂದಣಿ ಉಚಿತ, ಪ್ರಮಾಣಪತ್ರ ಬೇಕಿದ್ದರೆ ಕೇಂದ್ರಕ್ಕೆ ಹೋಗಿ ಪರೀಕ್ಷೆ ಬರೆಯಬೇಕು. 25 ಅಂಕ ವಾರದ ಅಸೈನ್‌ಮೆಂಟಿಗೆ, 75 ಪರೀಕ್ಷೆಗೆ. ಅಸೈನ್‌ಮೆಂಟುಗಳು ಹೆಚ್ಚಾಗಿ ಆಯ್ಕೆಯ ಪ್ರಶ್ನೆಗಳು, ಉತ್ತರ ಸರಿಯೋ ಎಂದು ತಿಳಿಯುವುದು ಗಡುವು ಮುಗಿದ ಮೇಲೆ. ತಾನಾಗಿಯೇ ಓದಬಲ್ಲ ಬಿ.ಎಸ್ಸಿ. ವಿದ್ಯಾರ್ಥಿಗೆ ಕೊಡಿ. ಮೊದಲ ಸೆಮಿಸ್ಟರಿನಲ್ಲಿ ತಡವರಿಸುತ್ತಿರುವವರಿಗೆ ಬೇಡ.

ಯಾರು ಯಾವುದನ್ನು ಹಿಡಿಯಬೇಕು

ಮೂಡಲ್ ಈಗಾಗಲೇ ಇರುವ ಕಾಲೇಜು ಸ್ಟ್ಯಾಕ್‌ಗೆ ಹೋಗಲಿ, ಮೊದಲ ವರ್ಷ ಒಂದೇ ವಿಷಯಕ್ಕೆ, ಇಪ್ಪತ್ತು ಪ್ರಶ್ನೆಗಳಿಂದ ಶುರು ಮಾಡಲಿ. ಸರ್ವರೂ ಇಲ್ಲ, ನೋಡಿಕೊಳ್ಳುವವರೂ ಇಲ್ಲ ಎಂದರೆ ಮೈಓಪನ್‌ಮ್ಯಾಥ್. ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ವಿಭಾಗದವರ ನೆರವು ಸಿಗುವುದಾದರೆ ವೆಬ್‌ವರ್ಕ್‌ನ ಭಂಡಾರ ತೆರೆದುಕೊಳ್ಳಿ. ಹಣ ಕೊಟ್ಟು ಕೊಳ್ಳುವ ತಂತ್ರಾಂಶವನ್ನು ನಮ್ಮ ಊರಿನ ಸಾಮಾನ್ಯ ಕಾಲೇಜಿಗೆ ನಾನು ಸೂಚಿಸಲಾರೆ, ಅದರ ಶುಲ್ಕ ಕೊನೆಗೆ ವಿದ್ಯಾರ್ಥಿಯ ತಲೆಯ ಮೇಲೆಯೇ ಬೀಳುತ್ತದೆ.

ಯಾವುದೇ ಆಗಲಿ, ಅದರ ಅಂಕ ಒಟ್ಟು ಅಂಕಗಳಲ್ಲಿ ಐದನೇ ಒಂದು ಭಾಗ ಮೀರದಿರಲಿ. ಲೆಕ್ಕದ ಫೋಟೊ ತೆಗೆದರೆ ಉತ್ತರ ಕೊಡುವ ಫೋಟೊಮ್ಯಾಥ್‌ನಂಥ ಆ್ಯಪ್‌ಗಳು ಎಲ್ಲರ ಕೈಯಲ್ಲಿವೆ. ಕಾವಲು ಹೆಚ್ಚಿಸಿ ಇದನ್ನು ಗೆಲ್ಲಲಾಗದು. ಎಷ್ಟು ಬಾರಿ ಬೇಕಾದರೂ ಪ್ರಯತ್ನಿಸಲು ಬಿಡಿ, ಹೆಚ್ಚಿನ ಅಂಕವನ್ನು ಕಾಗದದ ಟ್ಯುಟೋರಿಯಲ್‌ಗೆ ಇಡಿ. ಗಡುವನ್ನು ರಾತ್ರಿ 11.59ಕ್ಕೆ ಇಡಬೇಡಿ. ಹೋಟೆಲ್ ಮುಚ್ಚಿ ಬರುವ ಹುಡುಗನಿಗೆ ಅದು ಲೆಕ್ಕ ತೆರೆಯುವ ಹೊತ್ತು. ಮರುದಿನ ಮಧ್ಯಾಹ್ನ ಆದರೆ ನೆಟ್‌ವರ್ಕ್ ಕೈಕೊಟ್ಟರೂ ಕೇಳಲು ಯಾರಾದರೂ ಸಿಗುತ್ತಾರೆ.

ಮಾರಾಟಗಾರರು ಪ್ರದರ್ಶನಕ್ಕೆ ಬಂದ ದಿನ ಅವರ ಸ್ಲೈಡುಗಳನ್ನು ಬದಿಗಿಡಿ. ಒಂದು ಅಗ್ಗದ ಮೊಬೈಲ್ ಕೊಟ್ಟು ಇವನ್ನು ತುಂಬಲು ಹೇಳಿ: ಸರಿ ಉತ್ತರ, ಆದರೆ ಅಪವರ್ತಿಸಿದ ರೂಪದಲ್ಲಿ. ಸರಿ ಉತ್ತರ, ಒಂದು ಆವರಣ ಕಡಿಮೆ. ಸ್ಥಿರಾಂಕ ಬಿಟ್ಟ ಅನುಕಲನ. ಚಿಹ್ನೆ ಮಾತ್ರ ತಪ್ಪಿದ ಉತ್ತರ. ಲಕ್ಷದ ಅಲ್ಪವಿರಾಮ ಇರುವ ಸಂಖ್ಯೆ. ಐದಕ್ಕೂ ಅದು ಏನು ಹೇಳಿತೆಂದು ಬರೆದುಕೊಳ್ಳಿ.

ಆಯ್ಕೆಯೇ ಇಲ್ಲದ ವಿದ್ಯಾರ್ಥಿಗೆ

ಕಾಲೇಜು ಕೊಟ್ಟದ್ದನ್ನೇ ಬಳಸಬೇಕಾದವರು ಮೊದಲು ಲೆಕ್ಕವನ್ನು ನೋಟ್‌ಬುಕ್ಕಿನಲ್ಲಿ ಪೂರ್ತಿ ಬಿಡಿಸಿ, ಆಮೇಲೆ ತುಂಬಿ. ಅನುಮಾನ ಬಂದಲ್ಲೆಲ್ಲ ಆವರಣ ಹಾಕಿ, ಹೆಚ್ಚಾದರೆ ನಷ್ಟವಿಲ್ಲ. ದಶಮಾಂಶ ಕೇಳದಿದ್ದರೆ ಭಿನ್ನರಾಶಿಯನ್ನೇ ಇಡಿ. ಕೋನ ರೇಡಿಯನ್‌ನಲ್ಲೋ ಡಿಗ್ರಿಯಲ್ಲೋ ಎಂದು ಮೊದಲ ದಿನವೇ ಕೇಳಿಕೊಳ್ಳಿ. ಸರಿಯೆಂದು ಖಾತ್ರಿಯಿರುವ ಉತ್ತರವನ್ನು ಯಂತ್ರ ತಪ್ಪೆಂದರೆ ಅದೇ ಉತ್ತರವನ್ನು ಮತ್ತೆ ಮತ್ತೆ ಹಾಕಿ ಪ್ರಯತ್ನಗಳನ್ನು ಸುಡಬೇಡಿ. ಪರದೆಯ ಚಿತ್ರ ತೆಗೆಯಿರಿ, ನೋಟ್‌ಬುಕ್ಕಿನ ಪುಟದ ಫೋಟೊ ತೆಗೆಯಿರಿ, ಪ್ರಶ್ನೆಯ ಸಂಖ್ಯೆ ಬರೆದು ಗಡುವಿನ ಮೊದಲೇ ಮೇಡಂಗೋ ಸರ್‌ಗೋ ಕಳಿಸಿ. ಇಂಗ್ಲಿಷಿನಲ್ಲಿ ಬರೆಯಲು ಸಂಕೋಚವಾದರೆ ಎರಡು ಚಿತ್ರಗಳೇ ಸಾಕು. ಈ ತಂತ್ರಾಂಶಗಳಲ್ಲಿ ಹೆಚ್ಚಿನವು ಒಂದು ಪ್ರಶ್ನೆಯ ಅಂಕವನ್ನು ಕೈಯಿಂದ ತಿದ್ದಲು ಅಧ್ಯಾಪಕರಿಗೆ ಅವಕಾಶ ಕೊಡುತ್ತವೆ. ಹಾಗೆ ಬಂದ ಸಂದೇಶ ನೋಡಿ ಅಂಕ ತಿದ್ದಲು ನನಗೆ ಎರಡು ನಿಮಿಷ ಸಾಕು. ಸಂದೇಶ ಬಾರದಿದ್ದರೆ ಅಲ್ಲೊಂದು ತಕರಾರು ಇತ್ತೆಂಬುದೇ ನನಗೆ ತಿಳಿಯುವುದಿಲ್ಲ.